ಬಾಗಿಲು ನಂಬರ್ 515

ನಿಮ್ಮ ಕಂಪ್ಯೂಟರಿನಲ್ಲಿ ಪ್ರಿಂಟ್ ಒತ್ತಿದಿರಿ. ಪಕ್ಕದ ಕೋಣೆಯಲ್ಲಿ ಹಾಳೆ ಬಂತು. ಈ ನಡುವೆ ಯಾರು ಓಡಾಡಿದರು, ಯೋಚಿಸಿದ್ದೀರಾ? ಕೇಳಿ, ಬೆರಗಾಗುತ್ತೀರಿ!

ಯುನಿಕ್ಸ್ ಸರ್ವರಿನ ಒಳಗೆ ಒಬ್ಬ ಕೂತಿದ್ದಾನೆ. ಹೆಸರು ಎಲ್‌ಪಿಡಿ, ಲೈನ್ ಪ್ರಿಂಟರ್ ಡೀಮನ್. ಡೀಮನ್ ಅಂದರೆ ತೆರೆಮರೆಯಲ್ಲಿ ಓಡುವ ಪ್ರೋಗ್ರಾಂ. ಬರ್ಕ್ಲಿ ಯುನಿಕ್ಸಿನ ಮನೆಯವನು. ಐಕಾನ್ ಇಲ್ಲ. ವಿಂಡೋ ಇಲ್ಲ. ಸದ್ದೂ ಇಲ್ಲ! ಪೋರ್ಟ್ 515, ಅಂದರೆ ನೆಟ್‌ವರ್ಕಿನ 515ನೇ ಬಾಗಿಲಿಗೆ ಕಿವಿಗೊಟ್ಟು ಕೂತಿರುವುದಷ್ಟೇ ಅವನ ಕೆಲಸ.

ಯಾರಾದರೂ ಬಾಗಿಲು ತಟ್ಟಿದರೆ ಅವನೇ ಏಳುತ್ತಾನೆಯೇ? ಇಲ್ಲ! ತನ್ನದೇ ಒಂದು ನಕಲು ಹುಟ್ಟಿಸಿ ಅದಕ್ಕೆ ಕೆಲಸ ಒಪ್ಪಿಸುತ್ತಾನೆ. ತಾನು ಮತ್ತೆ ಕಾಯುತ್ತಾನೆ. ಹತ್ತು ಜನ ಬಂದರೆ ಹತ್ತು ನಕಲು! ಅವೆಲ್ಲ ಒಂದೇ ಪ್ರಿಂಟರಿಗೆ ಮುಗಿಬೀಳುವುದಿಲ್ಲವೇ? ಅಲ್ಲೇ ಇರುವುದು ಜಾಣತನ. ಕ್ಯೂ ಇರುವ ಡೈರೆಕ್ಟರಿಯಲ್ಲಿ ‘ಲಾಕ್’ ಅನ್ನುವ ಪುಟ್ಟ ಫೈಲ್ ಇದೆ. ಅದನ್ನು ಹಿಡಿದವನು ಮುದ್ರಿಸುತ್ತಾನೆ. ಉಳಿದವರು ಜಗಳವಿಲ್ಲದೆ ಜಾಗ ಖಾಲಿ ಮಾಡುತ್ತಾರೆ!

ಈಗ ಊಹಿಸಿ ನೋಡೋಣ. ಇವನಿಗೆ ಎಷ್ಟು ಆಜ್ಞೆಗಳು ಅರ್ಥವಾಗುತ್ತವೆ? ನೂರು? ಐವತ್ತು? ಇಳಿಯಿರಿ, ಇನ್ನೂ ಇಳಿಯಿರಿ.

ಐದು!

ಅವೂ ಮಾತುಗಳಲ್ಲ, ಒಂದೊಂದು ಬೈಟ್. 1 ಅಂದರೆ ಕಾದಿರುವುದನ್ನು ಮುದ್ರಿಸು. 2 ಅಂದರೆ ಹೊಸ ಕೆಲಸ ತಗೋ. 3, ಕ್ಯೂನಲ್ಲಿ ಏನಿದೆ ಚುಟುಕಾಗಿ ಹೇಳು. 4, ಬಿಡಿಸಿ ಹೇಳು. 5, ಕಿತ್ತುಹಾಕು. ಕೆಲಸ ಒಪ್ಪಿಕೊಂಡರೆ ಅವನ ಉತ್ತರವೇನು ಗೊತ್ತೇ? ಸೊನ್ನೆ! ಸೊನ್ನೆ ಬಂದರೆ ‘ಆಯ್ತು’, ಬೇರೆ ಏನು ಬಂದರೂ ‘ಆಗಲ್ಲ’.

ಫೈಲಿನ ಜೊತೆಗೆ ಒಂದು ಚೀಟಿಯೂ ಹೋಗುತ್ತದೆ, ದರ್ಶಿನಿಯ ಟೋಕನ್ ಥರ. ಅದರಲ್ಲಿ ಪ್ರತಿ ಸಾಲಿನ ಮೊದಲ ಅಕ್ಷರವೇ ಅಪ್ಪಣೆ. ನಿಮಗೆ ಮೂರು ಪ್ರತಿ ಬೇಕೇ? ಫೈಲನ್ನು ಮೂರು ಸಲ ಕಳಿಸಬೇಕಿಲ್ಲ. ‘ಎಫ್’ ಸಾಲನ್ನು ಮೂರು ಸಲ ಬರೆದರೆ ಸಾಕು! ‘ಯು’ ಸಾಲು ಬರೆದರೆ, ಮುದ್ರಿಸಿದ ಮೇಲೆ ಫೈಲನ್ನು ಅಳಿಸುತ್ತಾನೆ. ‘ಎಂ’ ಸಾಲು ಬರೆದರೆ? ಕೆಲಸ ಮುಗಿದ ಕೂಡಲೇ ನಿಮಗೆ ಮೇಲ್ ಹಾಕುತ್ತಾನೆ! ಇದನ್ನೆಲ್ಲ ಬರೆದಿಟ್ಟ ಇಂಟರ್ನೆಟ್ ದಾಖಲೆ ಆರ್‌ಎಫ್‌ಸಿ 1179 ಬಂದದ್ದು 1990ರ ಆಗಸ್ಟ್‌ನಲ್ಲಿ. ವೆಬ್ ಇನ್ನೂ ಜನರ ಕೈಗೆ ಬಂದಿರದ ಕಾಲ!

ನಡುವೆ ಕರೆಂಟ್ ಹೋಯಿತು ಅನ್ನಿ. ಕ್ಯೂನಲ್ಲಿದ್ದ ಕೆಲಸ ಗೋವಿಂದಾ? ಊಹೂಂ! ಎಲ್ಲವೂ ಡಿಸ್ಕಿನಲ್ಲಿ ಫೈಲಾಗಿ ಕೂತಿದೆ. ಸರ್ವರ್ ಮತ್ತೆ ಎದ್ದೊಡನೆ ನಮ್ಮ ಡೀಮನ್ ಪ್ರಿಂಟರುಗಳ ಪಟ್ಟಿಯನ್ನು ಒಂದು ಸುತ್ತು ಓದುತ್ತಾನೆ, ಉಳಿದದ್ದನ್ನು ಮುದ್ರಿಸಲು ಶುರುಮಾಡುತ್ತಾನೆ. ಯಾರೂ ಹೇಳಬೇಕಿಲ್ಲ!

ನನಗೆ ಎಲ್ಲಕ್ಕಿಂತ ಸೋಜಿಗ ಅನ್ನಿಸಿದ್ದು ಬೇರೆಯೇ ಇದೆ. ಇವನ ಬಳಿ ಬರುವವರು ಎಲ್ಲಿಂದ ಬೇಕಾದರೂ ಬರುವಂತಿಲ್ಲ! ತಮ್ಮ ಕಡೆಯ ಪೋರ್ಟ್ 721ರಿಂದ 731ರ ಒಳಗೇ ಇರಬೇಕು. ಲೆಕ್ಕ ಹಾಕಿ. ಹನ್ನೊಂದೇ ಹನ್ನೊಂದು!

ಯಾಕೆ? ಯುನಿಕ್ಸಿನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್ ತೆರೆಯುವ ಹಕ್ಕು ಯಂತ್ರದ ಯಜಮಾನ ಖಾತೆಯಾದ ರೂಟ್‌ಗೆ ಮಾತ್ರ. ಅಲ್ಲಿಂದ ಬಂದವನು ನಂಬಿಕಸ್ಥ ಅನ್ನುವ ಎಣಿಕೆ. ಆದರೆ ಒಮ್ಮೆ ಬಳಸಿದ ಪೋರ್ಟನ್ನು ಸಂಪರ್ಕ ನಡೆಸುವ ಟಿಸಿಪಿ ತಕ್ಷಣ ಬಿಟ್ಟುಕೊಡುವುದಿಲ್ಲ, ಸ್ವಲ್ಪ ಹೊತ್ತು ತಡೆದಿಡುತ್ತದೆ. ಒಂದೇ ಕಂಪ್ಯೂಟರಿನಿಂದ ಚಕಚಕನೆ ಹನ್ನೊಂದು ಕೆಲಸ ಕಳಿಸಿದಿರೋ, ಹನ್ನೆರಡನೆಯದು ಸಾಲಿನಲ್ಲಿ ನಿಲ್ಲಬೇಕು! ಕಳ್ಳನಿಗೋ? ತನ್ನದೇ ಕಂಪ್ಯೂಟರಿನಲ್ಲಿ ತಾನೇ ರೂಟ್, ಅವನಿಗೇನು ಅಡ್ಡಿ! ಮುಂದೆ ಎಷ್ಟೋ ಪ್ರಿಂಟ್ ಸರ್ವರುಗಳು ಈ ನಿಯಮವನ್ನೇ ಸಡಿಲಿಸಿಬಿಟ್ಟವು.