ಉದ್ದ ಮೀಸೆಯೊಂದೇ ಗುರುತಲ್ಲ

ರಾತ್ರಿ ದೀಪದ ಬೆಳಕಿಗೆ ಬಂದು ಗೋಡೆಗೆ ಬಡಿದು ಬೀಳುವ ಕೀಟಗಳ ನಡುವೆ ಒಮ್ಮೊಮ್ಮೆ ಮೈಗಿಂತಲೂ ಉದ್ದನೆಯ ಮೀಸೆ ಹೊತ್ತ ದುಂಬಿ ಕಾಣಸಿಗುತ್ತದೆ. ಇಂಗ್ಲಿಷಿನಲ್ಲಿ ಇದು ‘ಲಾಂಗ್‌ಹಾರ್ನ್’. ಕೀಟಶಾಸ್ತ್ರದಲ್ಲಿ ಸೆರಾಂಬಿಸಿಡೆ ಕುಟುಂಬಕ್ಕೆ ಸೇರಿದ್ದು. ಜಗತ್ತಿನಲ್ಲಿ ಈ ಕುಟುಂಬದ 35,000ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಡಲಾಗಿದೆ.

ಆದರೆ ಮೀಸೆಯ ಉದ್ದವನ್ನಷ್ಟೇ ನಂಬಿದರೆ ಮೋಸ ಹೋಗುವುದು ಖಂಡಿತ. ಮಲೆನಾಡು, ಕೊಡಗಿನ ಅರೇಬಿಕಾ ಕಾಫಿ ಬೆಳೆಗಾರರ ನಿದ್ದೆಗೆಡಿಸಿರುವ ಬಿಳಿ ಕಾಂಡಕೊರಕವೂ ಇದೇ ಕುಟುಂಬದ್ದು. ಅದರ ಮೀಸೆಯಾದರೋ ಮೈಗಿಂತ ಬಹಳ ಗಿಡ್ಡ!

ಹಾಗಾದರೆ ಗುರುತಿಸುವುದು ಹೇಗೆ? ಒಂದು ಭೂತಗನ್ನಡಿ ಹಿಡಿದು ಮೊದಲು ಕಣ್ಣು ನೋಡಿ. ಬಹುತೇಕ ಪ್ರಭೇದಗಳಲ್ಲಿ ಅದು ದುಂಡಗಿರದೆ ಗೋಡಂಬಿಯಂತೆ ಬಾಗಿರುತ್ತದೆ. ಆ ಬಾಗಿನ ಬಳಿಯಿಂದಲೇ ಮೀಸೆ ಹೊರಡುತ್ತದೆ. ನಂತರ ಪಾದ. ಅದರಲ್ಲಿ 4 ಗಿಣ್ಣುಗಳು ಕಂಡರೂ ನಿಜಕ್ಕೂ ಇರುವುದು 5. ನಾಲ್ಕನೆಯದು ತೀರ ಚಿಕ್ಕದು. ಸೀಳಿದಂತಿರುವ ಮೂರನೆಯ ಗಿಣ್ಣಿನ ಮರೆಯಲ್ಲಿ ಅದು ಅಡಗಿರುತ್ತದೆ. ಎಲೆ ತಿನ್ನುವ ದುಂಬಿಗಳ ಪಾದವೂ ಹೀಗೆಯೇ ಇರುವುದರಿಂದ ಎಲ್ಲ ಲಕ್ಷಣಗಳನ್ನೂ ಸೇರಿಸಿ ನೋಡಬೇಕು.

ಉಪಕುಟುಂಬ ತಿಳಿಯಲು ಮುಖ ನೋಡಬೇಕು. ಮುಖ ಗೋಡೆಯಂತೆ ನೆಟ್ಟಗೆ ಕೆಳಗಿಳಿದಿದ್ದು, ಬಾಯಿಯ ಪಕ್ಕದ ಪುಟ್ಟ ಎಳೆಯ ಕೊನೆಯ ಗಿಣ್ಣು ಚೂಪಾಗಿದ್ದರೆ ಅದು ಲ್ಯಾಮಿಯಿನೆ. ಮಾವಿನ ಕಾಂಡಕೊರಕ ಈ ಗುಂಪಿನದು. ಬೂದುಗಂದು ಮೈ, ತಲೆಯ ಹಿಂದಿನ ಎದೆಭಾಗದ ಮೇಲೆ ಎರಡು ಕಿತ್ತಳೆ ಮಚ್ಚೆ, ಪಕ್ಕಕ್ಕೊಂದು ಮುಳ್ಳು ಇದರ ಗುರುತು. ಕಾಫಿಯ ಕೊರಕದಲ್ಲಿ ಆ ಗಿಣ್ಣಿನ ತುದಿ ಮೊಂಡು. ಅದು ಸೆರಾಂಬಿಸಿನೆ ಉಪಕುಟುಂಬದ್ದು. ಉದ್ದ 1ರಿಂದ 2 ಸೆಂ.ಮೀ., ಕಪ್ಪು ಮೈ, ಗಡುಸಾದ ಮೇಲ್ರೆಕ್ಕೆಗಳ ಮೇಲೆ ಬಿಳಿ ಪಟ್ಟೆಗಳು.

ಇದೆಲ್ಲ ಪರೀಕ್ಷೆಯ ಅಂಕಕ್ಕಾಗಿ ಮಾತ್ರವಲ್ಲ. ಹೆಣ್ಣು ಕೊರಕ ಕಾಫಿ ಗಿಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ತಿಂಗಳುಗಟ್ಟಲೆ ಕಾಂಡದೊಳಗೇ ಸುರಂಗ ಕೊರೆಯುತ್ತದೆ. ಎಲೆ ಹಳದಿಯಾಗಿ ಗಿಡ ಬಾಡುವ ಹೊತ್ತಿಗೆ ಕಾಲ ಮೀರಿರುತ್ತದೆ. ಏಪ್ರಿಲ್–ಮೇ ಹಾಗೂ ಅಕ್ಟೋಬರ್–ಡಿಸೆಂಬರ್ ತಿಂಗಳುಗಳಲ್ಲಿ ದುಂಬಿಗಳು ಹೆಚ್ಚಾಗಿ ಹೊರಬರುತ್ತವೆ. ಅದಕ್ಕೆ ಮೊದಲೇ ಕೊರಕ ಹೊಕ್ಕ ಗಿಡಗಳನ್ನು ಕಿತ್ತು ಸುಡದಿದ್ದರೆ ಪಕ್ಕದ ಗಿಡಗಳಿಗೂ ಅಪಾಯ ತಪ್ಪಿದ್ದಲ್ಲ.

ಹಾಗೆಂದು ಕಂಡ ದುಂಬಿಯನ್ನೆಲ್ಲ ಹೊಸಕಿಹಾಕುವುದೂ ಸಲ್ಲದು. ಇದೇ ಕುಟುಂಬದ ಅನೇಕ ಪ್ರಭೇದಗಳು ಸತ್ತ ಮರವನ್ನು ತಿಂದು ಪುಡಿಮಾಡಿ, ಅದು ಬೇಗ ಮಣ್ಣು ಸೇರಲು ನೆರವಾಗುತ್ತವೆ. ದೀಪದ ಕೆಳಗೆ ಮೀಸೆಯ ದುಂಬಿ ಬಿದ್ದಾಗ ಹಿರಿಯರು ಚಪ್ಪಲಿ ಎತ್ತುವ ಮುನ್ನ ಮಕ್ಕಳ ಕೈಗೆ ಭೂತಗನ್ನಡಿ ಕೊಡುವುದು ಒಳ್ಳೆಯದು.