ನಿವೃತ್ತಿಯ ಇಡುಗಂಟನ್ನು ಹಂಚಿಡುವ ಬಗೆ

ಗ್ರಾಚ್ಯುಟಿ, ಪಿಎಫ್, ರಜೆ ನಗದೀಕರಣದ ಹಣ ಖಾತೆಗೆ ಬರುತ್ತಿದ್ದಂತೆ ಸಲಹೆಗಳೂ ಬರತೊಡಗುತ್ತವೆ. ಸೈಟು ಕೊಳ್ಳಿ ಎನ್ನುವವರು ಒಬ್ಬರು, ಷೇರಿಗೆ ಹಾಕಿ ಎನ್ನುವವರು ಇನ್ನೊಬ್ಬರು. ಎಲ್ಲಿ ಲಾಭ ಹೆಚ್ಚು ಎಂದು ನೋಡುವ ಮೊದಲು, ಯಾವ ಹಣ ಯಾವಾಗ ಬೇಕಾಗುತ್ತದೆ ಎಂದು ಬರೆದಿಟ್ಟುಕೊಳ್ಳಿ.

2020ರ ಜನವರಿಯಲ್ಲಿ 42,000ದ ಆಸುಪಾಸಿನಲ್ಲಿದ್ದ ಸೆನ್ಸೆಕ್ಸ್, ಮಾರ್ಚ್ 23ಕ್ಕೆ 26,000ಕ್ಕಿಂತ ಕೆಳಗಿಳಿಯಿತು. 2021ರ ಜನವರಿಯಲ್ಲಿ ಅದೇ ಸೂಚ್ಯಂಕ 50,000 ದಾಟಿತು. ಕಾಯುವ ಅನುಕೂಲವಿದ್ದವರು ಚೇತರಿಸಿಕೊಂಡರು. ಮನೆಖರ್ಚಿಗೋ ಆಸ್ಪತ್ರೆಯ ಬಿಲ್ಲಿಗೋ ಮಾರ್ಚ್‌ನಲ್ಲೇ ಮಾರಬೇಕಾದವರಿಗೆ ನಷ್ಟ ಖಾಯಮ್ಮಾಯಿತು. ಸಂಬಳ ಬರುವಾಗ ಇಂಥ ನಷ್ಟವನ್ನು ತುಂಬಿಕೊಳ್ಳಬಹುದು, ನಿವೃತ್ತಿಯ ನಂತರ ಅದು ಕಷ್ಟ. ಆದ್ದರಿಂದ ಮುಂದಿನ ಐದು ವರ್ಷದೊಳಗೆ ಬೇಕಾಗುವ ಹಣ ಷೇರುಪೇಟೆಯಲ್ಲಿ ಇರಬಾರದು.

ಒಂದು ಲೆಕ್ಕ

ಪಿಂಚಣಿಯಿಲ್ಲದ ದಂಪತಿಯ ಕೈಯಲ್ಲಿ 60 ಲಕ್ಷ ರೂಪಾಯಿ ಇದೆ, ತಿಂಗಳ ಖರ್ಚು 35,000 ಎಂದುಕೊಳ್ಳೋಣ.

ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ (ಎಸ್‌ಸಿಎಸ್‌ಎಸ್) ಒಬ್ಬರು ಗರಿಷ್ಠ 30 ಲಕ್ಷ ಇಡಬಹುದು. ಅವಧಿ ಐದು ವರ್ಷ. ಖಾತೆ ತೆರೆದ ದಿನದ ಬಡ್ಡಿದರವೇ ಆ ಐದೂ ವರ್ಷ ನಡೆಯುತ್ತದೆ. ಶೇ 8.2ರ ದರದಲ್ಲಿ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ, ಅಂದರೆ ತಿಂಗಳಿಗೆ 20,500 ಬರುತ್ತದೆ.

ಉಳಿದ 14,500 ರೂಪಾಯಿಗೆಂದು 6 ಲಕ್ಷವನ್ನು ಉಳಿತಾಯ ಖಾತೆ ಮತ್ತು ಅಲ್ಪಾವಧಿ ಠೇವಣಿಯಲ್ಲಿಡಿ. ಇನ್ನು 10 ಲಕ್ಷವನ್ನು ಬೇರೆ ಬೇರೆ ವರ್ಷ ಮುಗಿಯುವ ಠೇವಣಿಗಳಾಗಿ ಒಡೆದು, ಎರಡು ಮೂರು ಬ್ಯಾಂಕುಗಳಿಗೆ ಹಂಚಿ. ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ, ಬಡ್ಡಿಯೂ ಸೇರಿ, 5 ಲಕ್ಷದವರೆಗೆ ಮಾತ್ರ. ಬೆಲೆ ವರ್ಷಕ್ಕೆ ಶೇ 6ರಂತೆ ಏರಿದರೂ ಈ 16 ಲಕ್ಷ ಆರು ವರ್ಷದ ಕೊರತೆಯನ್ನು ತುಂಬುತ್ತದೆ.

ಮಿಕ್ಕ 14 ಲಕ್ಷ ಇಂಡೆಕ್ಸ್ ಫಂಡಿನಂಥ ಷೇರು ಆಧಾರಿತ ಮ್ಯೂಚುವಲ್ ಫಂಡಿಗೆ ಹೋಗಬಹುದು. ಎಪ್ಪತ್ತು, ಎಂಬತ್ತರ ವಯಸ್ಸಿನಲ್ಲಿ ಬೆಲೆಯೇರಿಕೆಯನ್ನು ಎದುರಿಸಬೇಕಾದ ಹಣವಿದು. ಪೇಟೆ ಕುಸಿದಾಗ ಇದನ್ನು ಮುಟ್ಟದಿರಲು ಬೇಕಾದ ಧೈರ್ಯ ಆ 16 ಲಕ್ಷದಿಂದಲೇ ಬರುತ್ತದೆ.

ವರ್ಷಕ್ಕೊಮ್ಮೆ ಸರಿಹೊಂದಿಸಿ

ಪ್ರತಿ ಏಪ್ರಿಲ್‌ನಲ್ಲಿ ಲೆಕ್ಕ ನೋಡಿ. ಫಂಡು ಚೆನ್ನಾಗಿ ಬೆಳೆದಿದ್ದರೆ ಹೆಚ್ಚಾದ ಭಾಗವನ್ನು ಮಾರಿ ಠೇವಣಿಗೆ ಸೇರಿಸಿ. ಇಳಿದಿದ್ದರೆ ಹಾಗೇ ಬಿಡಿ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಇಂಥ ಫಂಡುಗಳ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆಯಿಲ್ಲ, ಅದರ ಮೇಲಿನದಕ್ಕೆ ಶೇ 12.5. ಹೀಗಾಗಿ ಒಮ್ಮೆಲೇ ಮಾರುವುದಕ್ಕಿಂತ ವರ್ಷವರ್ಷವೂ ಸ್ವಲ್ಪ ಮಾರುವುದು ಲೇಸು.

ಮಗಳ ಮದುವೆ, ಶಸ್ತ್ರಚಿಕಿತ್ಸೆಯಂಥ ದೊಡ್ಡ ಖರ್ಚು ಮುಂದೆ ಕಂಡರೆ ಏಪ್ರಿಲ್‌ಗೆ ಕಾಯಬೇಡಿ. ಅಷ್ಟು ಹಣವನ್ನು ಆಗಲೇ ಠೇವಣಿಗೆ ತನ್ನಿ.

ಒಬ್ಬರು ಇಲ್ಲವಾದಾಗ

ನಾಮಿನಿ ಹಣವನ್ನು ಪಡೆದುಕೊಳ್ಳುವವರು ಮಾತ್ರ, ಮಾಲೀಕತ್ವ ಕಾನೂನುಬದ್ಧ ವಾರಸುದಾರರದು. 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಷೇರುಗಳ ವಿಷಯದಲ್ಲೂ ಇದನ್ನೇ ಹೇಳಿತು. ಹಾಗಾಗಿ ನಾಮಿನಿಯ ಜೊತೆಗೆ ಉಯಿಲೂ ಬೇಕು. ಬಿಳಿ ಹಾಳೆಯ ಮೇಲೆ ಬರೆದು ಸಹಿ ಮಾಡಿ, ಇಬ್ಬರು ಸಾಕ್ಷಿಗಳ ಸಹಿ ಪಡೆದರೂ ಉಯಿಲು ಊರ್ಜಿತ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು.

ಖಾತೆ, ಠೇವಣಿ, ಫಂಡು, ವಿಮೆಗಳ ಪಟ್ಟಿಯನ್ನು ಒಂದು ಪುಟದಲ್ಲಿ ಬರೆದು, ಅದನ್ನು ಸಂಗಾತಿಗೆ ತೋರಿಸಿ ವಿವರಿಸಿ. ಈ ಲೆಕ್ಕ ಮನೆಯಲ್ಲಿ ಇಬ್ಬರಿಗೂ ತಿಳಿದಿರಲೇಬೇಕು.