ಹೆಚ್ಚು ನಿದ್ದೆ ಮಾಡುವವರು ಬೇಗ ಸಾಯ್ತಾರಾ? ಲೆಕ್ಕ ಸರಿ, ಓದಿದ ರೀತಿ ತಪ್ಪು

ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಮಲಗಿದರೆ ಹೃದಯಕ್ಕೆ ಅಪಾಯ ಅನ್ನೋ ಸಂದೇಶ ನಿಮ್ಮ ಮನೆಯ ವಾಟ್ಸ್ಆ್ಯಪ್ ಗ್ರೂಪಿಗೂ ಬಂದಿರಬಹುದು. ಬಂದ ಕೂಡಲೇ ಅದನ್ನು ತಡವಾಗಿ ಏಳುವ ಮಗನಿಗೋ ಸೊಸೆಗೋ ತೋರಿಸಿ 'ನೋಡು, ವಿಜ್ಞಾನಿಗಳೇ ಹೇಳಿದಾರೆ' ಅನ್ನುವವರೂ ಇದ್ದಾರೆ. ವಿಜ್ಞಾನಿಗಳು ಹೇಳಿರುವುದು ನಿಜ. ಆದರೆ ಅವರು ಹೇಳಿದ್ದೇನು, ನಾವು ಅರ್ಥ ಮಾಡಿಕೊಂಡಿದ್ದೇನು?

ಮೊದಲು ಅಂಕಿಅಂಶ ನೋಡೋಣ. ಅಮೆರಿಕದ ಡೇನಿಯಲ್ ಕ್ರಿಪ್ಕೆ ಮತ್ತು ಸಂಗಡಿಗರು ಸುಮಾರು 11 ಲಕ್ಷ ಜನರ ಮಾಹಿತಿಯನ್ನು ಪರಿಶೀಲಿಸಿ 2002ರಲ್ಲಿ ವರದಿ ಪ್ರಕಟಿಸಿದರು. ಸಾವಿನ ಪ್ರಮಾಣ ಅತಿ ಕಡಿಮೆ ಇದ್ದದ್ದು ಏಳು ಗಂಟೆ ನಿದ್ದೆ ಮಾಡುವವರಲ್ಲಿ. ಅದಕ್ಕಿಂತ ಕಡಿಮೆಯಾದಂತೆಯೂ ಹೆಚ್ಚಾದಂತೆಯೂ ಸಾವಿನ ಪ್ರಮಾಣ ಏರುತ್ತಿತ್ತು. 2010ರಲ್ಲಿ ಇಂಥ 16 ಅಧ್ಯಯನಗಳನ್ನು ಒಟ್ಟುಗೂಡಿಸಿ ಸುಮಾರು 13.8 ಲಕ್ಷ ಜನರ ಲೆಕ್ಕ ಹಾಕಿದಾಗ, ಸಾವಿನ ಅಪಾಯ ಕಡಿಮೆ ನಿದ್ದೆಯವರಲ್ಲಿ ಶೇ. 12ರಷ್ಟು, ಹೆಚ್ಚು ನಿದ್ದೆಯವರಲ್ಲಿ ಶೇ. 30ರಷ್ಟು ಜಾಸ್ತಿ ಕಂಡಿತು.

ನಮಗೆ ಹತ್ತಿರದ್ದು 'ಪ್ಯೂರ್' ಅಧ್ಯಯನ. ಭಾರತವೂ ಸೇರಿ 21 ದೇಶಗಳ 1.16 ಲಕ್ಷ ಜನ ಅದರಲ್ಲಿದ್ದರು. ಅದನ್ನು ಮುನ್ನಡೆಸಿದ ಸಲೀಂ ಯೂಸುಫ್ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ದಿನಕ್ಕೆ 6ರಿಂದ 8 ಗಂಟೆ ನಿದ್ದೆ ಮಾಡುವವರಿಗೆ ಹೋಲಿಸಿದರೆ, ಸಾವು ಅಥವಾ ಗಂಭೀರ ಹೃದ್ರೋಗ, ಪಾರ್ಶ್ವವಾಯುವಿನ ಅಪಾಯ 8-9 ಗಂಟೆಯವರಲ್ಲಿ ಶೇ. 5, 9-10 ಗಂಟೆಯವರಲ್ಲಿ ಶೇ. 17, ಹತ್ತು ಗಂಟೆ ದಾಟಿದವರಲ್ಲಿ ಶೇ. 41 ಹೆಚ್ಚಿತ್ತು.

ಈ 'ಶೇ. 41' ಅಂದರೆ ನೂರು ಜನರಲ್ಲಿ 41 ಮಂದಿ ಸಾಯ್ತಾರೆ ಅಂತಲ್ಲ. ಒಂದು ಅವಧಿಯಲ್ಲಿ ನೂರಕ್ಕೆ ಹತ್ತು ಜನರಿಗೆ ತೊಂದರೆ ಆಗುತ್ತಿದ್ದರೆ, ಈ ಗುಂಪಿನಲ್ಲಿ ಅದು ಹದಿನಾಲ್ಕರಷ್ಟು ಆಗುತ್ತೆ. ಸಣ್ಣ ವ್ಯತ್ಯಾಸವೇನಲ್ಲ, ಆದರೆ ಸುದ್ದಿಯ ಶೀರ್ಷಿಕೆ ಹುಟ್ಟಿಸುವಷ್ಟು ಭಯವೂ ಬೇಕಿಲ್ಲ.

ನಿದ್ದೆ ಕಾರಣವೋ, ಲಕ್ಷಣವೋ?

ನಾವು ಎಡವುವುದು ಇಲ್ಲೇ. ಎರಡು ಸಂಗತಿ ಒಟ್ಟೊಟ್ಟಿಗೆ ಕಂಡವು ಅಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯ್ತು ಅನ್ನೋಕಾಗಲ್ಲ. ರಾತ್ರಿಯಿಡೀ ಚಾರ್ಜ್‌ಗೆ ಹಾಕಿದ ಫೋನು ಮಧ್ಯಾಹ್ನಕ್ಕೇ ಸತ್ತುಹೋದರೆ, ಜಾಸ್ತಿ ಹೊತ್ತು ಚಾರ್ಜ್ ಮಾಡಿದ್ದೇ ತಪ್ಪು ಅಂತ ಯಾರೂ ಹೇಳಲ್ಲ. ಬ್ಯಾಟರಿ ನೋಡಿಸ್ತೀವಿ. ಹತ್ತು ಗಂಟೆ ಮಲಗಿಯೂ ಸುಸ್ತಾಗಿಯೇ ಏಳುವ ಮನುಷ್ಯನ ವಿಷಯದಲ್ಲೂ ಕೇಳಬೇಕಾದ ಪ್ರಶ್ನೆ ಅಂಥದ್ದೇ. ಗುರುತು ಹಿಡಿಯದ ಕಾಯಿಲೆ ಇರುವವರು ಹೆಚ್ಚು ಮಲಗುತ್ತಾರೆ, ಅದೇ ಕಾಯಿಲೆ ಅವರ ಆಯಸ್ಸನ್ನೂ ಕಡಿಮೆ ಮಾಡುತ್ತೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಹೆಸರು ಕೆಡುವುದು ನಿದ್ದೆಯದ್ದು. ಈ ಸಾಧ್ಯತೆಯನ್ನು ಪ್ಯೂರ್ ಸಂಶೋಧಕರೇ ಹೇಳಿದ್ದಾರೆ.

ಇನ್ನೊಂದು ತೊಡಕಿದೆ. ಈ ಅಧ್ಯಯನಗಳಲ್ಲಿ ಹೆಚ್ಚಿನವು 'ಎಷ್ಟು ಗಂಟೆ ಮಲಗ್ತೀರಿ?' ಅಂತ ಜನರನ್ನೇ ಕೇಳಿ ಬರೆದುಕೊಂಡವು. ಹಾಸಿಗೆಯಲ್ಲಿ ಹತ್ತು ಗಂಟೆ ಬಿದ್ದುಕೊಂಡವರೆಲ್ಲ ಹತ್ತು ಗಂಟೆ ನಿದ್ದೆ ಮಾಡಿರುವುದಿಲ್ಲ.

ಹಾಗಂತ ಅತಿನಿದ್ದೆಯಿಂದ ಏನೂ ಆಗಲ್ಲ ಅಂತಲೂ ಅಲ್ಲ. ತುಂಬಾ ಹೊತ್ತು ಮಲಗಿದ ದಿನ ತಲೆ ಭಾರ, ತಲೆನೋವು, ಬೆನ್ನುನೋವು, ಮಂಕು ಬಹಳ ಜನರಿಗೆ ಗೊತ್ತಿರುವುದೇ. ಬೆಳಗಿನ ಬಿಸಿಲು, ಓಡಾಟ ತಪ್ಪಿಹೋಗುತ್ತೆ. ರಾತ್ರಿ ಬೇಗ ನಿದ್ದೆ ಹತ್ತಲ್ಲ, ಮರುದಿನ ಮತ್ತೆ ತಡ. ಆದರೆ ಇವನ್ನು ಹೃದಯಾಘಾತಕ್ಕೆ ನೇರವಾಗಿ ಜೋಡಿಸಲು ಪುರಾವೆ ಸಾಲದು.

ದೇಹ ಹೇಳುತ್ತಿರುವುದೇನು?

ಮೊದಲನೆಯದು ಗೊರಕೆ. ಜೋರಾಗಿ ಗೊರಕೆ ಹೊಡೆದರೆ 'ಗಾಢ ನಿದ್ದೆ' ಅಂತ ನಮ್ಮಲ್ಲಿ ಮೆಚ್ಚುಗೆಯಿಂದಲೇ ಹೇಳ್ತಾರೆ. ಎಷ್ಟೋ ಸಲ ಅದು ಸ್ಲೀಪ್ ಆಪ್ನಿಯಾ. ಗಂಟಲಿನ ಹಿಂಭಾಗ ಸಡಿಲವಾಗಿ ಶ್ವಾಸನಾಳದ ದಾರಿ ಮುಚ್ಚುತ್ತೆ, ಹತ್ತು ಸೆಕೆಂಡಿಗೂ ಹೆಚ್ಚು ಕಾಲ ಉಸಿರು ನಿಲ್ಲುತ್ತೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತೆ, ಮಿದುಳು ಗಾಬರಿಯಿಂದ ಎಬ್ಬಿಸುತ್ತೆ. ತೀವ್ರವಾಗಿದ್ದವರಲ್ಲಿ ಇದು ಗಂಟೆಗೆ 30ಕ್ಕೂ ಹೆಚ್ಚು ಸಲ ಆಗುತ್ತೆ. ಮಲಗಿದವರಿಗೆ ಇದು ನೆನಪೇ ಇರಲ್ಲ. ಬೆಳಿಗ್ಗೆ ಎದ್ದಾಗ ಉಳಿಯುವುದು ಒಣಗಿದ ಬಾಯಿ, ತಲೆನೋವು, ಇನ್ನೂ ಮಲಗಬೇಕೆನ್ನುವ ಆಸೆ. ರಕ್ತದೊತ್ತಡ, ಹೃದ್ರೋಗ, ಪಾರ್ಶ್ವವಾಯುವಿನ ಜೊತೆ ಇದಕ್ಕೆ ನಂಟಿದೆ. ಇಂಥವರು ಬಸ್ಸು, ಲಾರಿ, ಕ್ಯಾಬ್ ಓಡಿಸುತ್ತಿದ್ದರೆ ಅಪಾಯ ಅವರೊಬ್ಬರದ್ದೇ ಅಲ್ಲ.

ಎರಡನೆಯದು ರಕ್ತಹೀನತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ (2019-21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ. 48 ಮಂದಿಗೆ ರಕ್ತಹೀನತೆ ಇದೆ. ಹೆಚ್ಚುಕಮ್ಮಿ ಇಬ್ಬರಲ್ಲಿ ಒಬ್ಬರು. ಎಲ್ಲರಿಗಿಂತ ಮೊದಲು ಎದ್ದು, ಎಲ್ಲರೂ ಉಂಡ ಮೇಲೆ ಉಳಿದದ್ದು ಉಣ್ಣುವ ಹೆಂಗಸು ಮಧ್ಯಾಹ್ನ ಎರಡು ಗಂಟೆ ಅಡ್ಡಾದರೆ 'ಸೋಮಾರಿ' ಅನ್ನಿಸಿಕೊಳ್ಳುತ್ತಾಳೆ. ಆಕೆಯ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಆ ಮನೆಯಲ್ಲಿ ಯಾರಾದರೂ ಕೇಳಿದ್ದಾರಾ?

ಥೈರಾಯ್ಡ್ ಗ್ರಂಥಿ ನಿಧಾನವಾದರೂ ನಿದ್ದೆ, ಸುಸ್ತು, ತೂಕ ಏರುವುದು, ಚಳಿ ತಡೆಯಲಾಗದಿರುವುದು ಶುರುವಾಗುತ್ತೆ. ಖಿನ್ನತೆ ಅಂದರೆ ನಿದ್ದೆ ಬಾರದಿರುವುದು ಅಂತಷ್ಟೇ ಅಂದುಕೊಂಡಿದ್ದೇವೆ, ಆದರೆ ಕೆಲವರು ಖಿನ್ನತೆಯಲ್ಲಿ ಹಾಸಿಗೆ ಬಿಟ್ಟು ಏಳಲಾರರು. ಅಲರ್ಜಿಗೆ, ನೆಗಡಿಗೆ, ಮಾನಸಿಕ ಸಮಸ್ಯೆಗೆ ತಗೊಳ್ಳುವ ಕೆಲವು ಮಾತ್ರೆಗಳೂ ನಿದ್ದೆ ಬರಿಸುತ್ತವೆ.

ಭಾನುವಾರದ ನಿದ್ದೆ

ವಾರವಿಡೀ ಐದೋ ಆರೋ ಗಂಟೆ ಮಲಗಿ ಭಾನುವಾರ ಹನ್ನೊಂದಕ್ಕೆ ಏಳುವವರದ್ದು ಬೇರೆ ಕಥೆ. ಅದು ಅತಿನಿದ್ದೆಗಿಂತ ಹೆಚ್ಚಾಗಿ ಬಾಕಿ ಸಾಲ ತೀರಿಸುವ ಪ್ರಯತ್ನ. ನೈಟ್ ಶಿಫ್ಟ್‌ನ ಕಾಲ್ ಸೆಂಟರ್ ಹುಡುಗಿಗೆ, ಎರಡು ಪಾಳಿ ದುಡಿಯುವ ಸೆಕ್ಯೂರಿಟಿ ಗಾರ್ಡ್‌ಗೆ 'ಕಡಿಮೆ ಮಲಗಿ' ಅನ್ನೋದು ಕ್ರೌರ್ಯ. ಅಲ್ಲಿ ಸರಿಪಡಿಸಬೇಕಿರುವುದು ಕೆಲಸದ ಅವಧಿಯನ್ನು.

18ರಿಂದ 64 ವರ್ಷದವರಿಗೆ 7ರಿಂದ 9 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ಅನ್ನೋದು ಅಮೆರಿಕದ ನ್ಯಾಷನಲ್ ಸ್ಲೀಪ್ ಫೌಂಡೇಶನ್ 2015ರಲ್ಲಿ ಕೊಟ್ಟ ಶಿಫಾರಸು. ಅಂದರೆ ಪಿಯುಸಿ ಓದುವ ಮಗ ಒಂಬತ್ತು ಗಂಟೆ ಮಲಗಿದರೆ ಬೈಯಬೇಕಾದ್ದೇನೂ ಇಲ್ಲ. ಜ್ವರದಿಂದ ಚೇತರಿಸಿಕೊಳ್ಳುವವರಿಗೂ ಹೆಚ್ಚು ನಿದ್ದೆ ಬೇಕು.

ಗಮನಿಸಬೇಕಾದ್ದು ಬದಲಾವಣೆಯನ್ನು. ಏಳೆಂಟು ಗಂಟೆ ಸಾಕಾಗುತ್ತಿದ್ದವರಿಗೆ ಕೆಲವು ವಾರಗಳಿಂದ ಹತ್ತು ಗಂಟೆಯೂ ಸಾಲುತ್ತಿಲ್ಲವೇ? ಕೂತಲ್ಲೇ, ಮಾತಾಡುತ್ತಲೇ, ಗಾಡಿ ಓಡಿಸುವಾಗಲೇ ತೂಕಡಿಕೆ ಬರುತ್ತಿದೆಯೇ? ಗೊರಕೆ ನಡುವೆ ಉಸಿರು ನಿಂತಂತಾಗುತ್ತೆ ಅಂತ ಪಕ್ಕದಲ್ಲಿ ಮಲಗಿದವರು ಹೇಳಿದ್ದಾರೆಯೇ? ಹಾಗಿದ್ದರೆ ವೈದ್ಯರನ್ನು ಕಾಣಬೇಕು. ಶುರುಮಾಡೋಕೆ ಬೇಕಿರುವುದು ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆಯಂಥ ಮಾಮೂಲಿ ರಕ್ತಪರೀಕ್ಷೆಗಳು. ತಗೊಳ್ಳುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ. ಆಪ್ನಿಯಾ ಅನುಮಾನವಿದ್ದರೆ ರಾತ್ರಿ ಮಲಗಿಸಿ ಮಾಡುವ ನಿದ್ದೆಯ ಪರೀಕ್ಷೆ ದೊಡ್ಡ ಆಸ್ಪತ್ರೆಗಳಲ್ಲಿ ಸಿಗುತ್ತೆ.

ಇವುಗಳಲ್ಲಿ ಬಹುತೇಕ ಕಾಯಿಲೆಗಳಿಗೆ ಚಿಕಿತ್ಸೆ ಇದೆ. ಕುಂಭಕರ್ಣ ಅಂತ ಗೇಲಿ ಮಾಡಿ, ಮುಖಕ್ಕೆ ನೀರು ಎರಚಿ ಎಬ್ಬಿಸುವ ಮನೆಗಳಲ್ಲಿ ಆ ಚಿಕಿತ್ಸೆ ವರ್ಷಗಟ್ಟಲೆ ತಡವಾಗುತ್ತೆ. ಆ ತಡಕ್ಕೆ ಬೆಲೆ ತೆರುವವರು ಮಲಗಿದವರೇ.